ಗ್ರಂಥಭಂಡಾರದ ಬೀಗದ ಕೈ ಯಾರ ಬಳಿ?

(ಗಿರಣಿ ಕೆಲಸಗಾರರೂ ಪೇಟೆಯ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆಯ ವಿಷಯ ವಿಶ್ವವಿದ್ಯಾಲಯದ ಗ್ರಂಥಭಂಡಾರ ಎಂದು ಕರಪತ್ರದಲ್ಲಿ ಅಚ್ಚಾದ ಮೇಲೆ ಕೆಲವರು ನಮ್ಮನ್ನು ದಾರಿಯಲ್ಲಿ ತಡೆದು ಕೇಳಿದರು: “ಮೇಷ್ಟ್ರೇ, ಬೋನಸ್ಸಿನ ಮಾತಿದೆ, ಅಂಗಡಿ ಬಾಡಿಗೆಯ ಮಾತಿದೆ. ಅದನ್ನೆಲ್ಲ ಬಿಟ್ಟು ಈ ಪುಸ್ತಕದ ಮಾತೇಕೆ?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗುತ್ತೇವೆ.

ಹತ್ತಿ ಗಿರಣಿಯ ಬ್ಲೋರೂಮಿನಲ್ಲಿ, ಕಾರ್ಡಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರು ಇಲ್ಲಿ ಕುಳಿತಿದ್ದೀರಿ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಮೂರು ದಿನ ಕಳೆದರೆ ಕಡಿಮೆಯಾಗುತ್ತದೆ. ವರ್ಷಗಳು ಉರುಳಿದಂತೆ ಆ ಬಿಗಿತ ವಾರವೆಲ್ಲ ಉಳಿಯುತ್ತದೆ. ಬೀಡಿಯ ಚಟ ಎಂದು ಒಬ್ಬರು, ಹವೆಯ ದೋಷ ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಆದರೆ ಇದಕ್ಕೆ ಹೆಸರಿದೆ. ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುತ್ತಾರೆ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ವಾರದ ಮೊದಲ ದಿನದ ಈ ಬಿಗಿತವನ್ನೇ ಗುರುತಾಗಿಟ್ಟುಕೊಂಡು ರೋಗದ ಹಂತಗಳನ್ನು ಬರೆದರು. ನಮ್ಮ ದೇಶದ ಕಾರ್ಮಿಕ ಪರಿಹಾರ ಕಾನೂನು ಸಹ ಈ ರೋಗವನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಪಟ್ಟಿಯಲ್ಲಿದ್ದರೆ ಸಾಲದು, ಬಂಧುಗಳೇ. ಪರಿಹಾರ ಕೇಳುವವನು ರೋಗ ಧೂಳಿನಿಂದಲೇ ಬಂತು ಎಂದು ತೋರಿಸಬೇಕು. ಅದಕ್ಕೆ ಆಧಾರ ಎಲ್ಲಿದೆ? ವೈದ್ಯಕೀಯ ನಿಯತಕಾಲಿಕೆಗಳಲ್ಲಿದೆ, ಸಂಶೋಧಕರ ಪ್ರಬಂಧಗಳಲ್ಲಿದೆ. ಅವು ಎಲ್ಲಿವೆ? ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿವೆ. ಯಾರ ಎದೆಯನ್ನು ಪರೀಕ್ಷಿಸಿ ಆ ಪ್ರಬಂಧ ಬರೆದರೋ ಅವನ ಕೈಗೆ ಆ ಪ್ರಬಂಧ ಎಟುಕುವುದಿಲ್ಲ. ಈ ಮಾತನ್ನು ಇಲ್ಲಿ ಎತ್ತಿದ್ದು ಇದಕ್ಕಾಗಿ.

ಇನ್ನು ವರ್ತಕ ಮಿತ್ರರು. ನಿಮ್ಮ ಮಳಿಗೆಯ, ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಇವತ್ತು ರಾತ್ರಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲಿದೆ. ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿ. ಕೊಟ್ಟಿದ್ದೀರಿ, ಪ್ರತಿ ವರ್ಷ ಕೊಡುತ್ತಿದ್ದೀರಿ. ಹಣ ಕೊಟ್ಟವನು ಸರಕು ಎಲ್ಲಿ ಎಂದು ಕೇಳದಿದ್ದರೆ ಪೇಟೆಯಲ್ಲಿ ಅವನನ್ನು ಏನೆನ್ನುತ್ತಾರೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಉಗ್ರಾಣವೋ ಅಂಗಡಿಯೋ

ನಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಳ್ಳಿಯ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಹೇಳಿಕೊಟ್ಟವರು. ನಮ್ಮ ಶಾಲೆಯ ಪುಸ್ತಕಗಳೆಲ್ಲ ಒಂದು ಕಬ್ಬಿಣದ ಬೀರುವಿನಲ್ಲಿದ್ದವು; ಬೀರುವಿಗೆ ಬೀಗವಿತ್ತು. ಪುಸ್ತಕ ಹರಿದರೆ, ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯ ಪ್ರತಿಯೊಬ್ಬ ಮೇಷ್ಟ್ರಿಗೂ. ಆದ್ದರಿಂದ ತಪಾಸಣೆಯ ದಿನ ಮಾತ್ರ ಬೀರು ತೆರೆಯುತ್ತಿತ್ತು. ಪುಸ್ತಕ ಭದ್ರವಾಗಿತ್ತು, ಮಕ್ಕಳು ಬರಿಗೈ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಎಂಬ ಊರಿನ ಇಗರ್ಜಿಯಲ್ಲಿ ಅಂಥ ಸರಪಳಿಯ ಗ್ರಂಥಭಂಡಾರವನ್ನು ಈಗಲೂ ನೋಡಬಹುದು. ಕೈಯಿಂದ ಬರೆದ ಪುಸ್ತಕ ಅಪರೂಪವಾಗಿದ್ದಾಗ ಆ ಸರಪಳಿಗೆ ಒಂದು ಅರ್ಥವಿತ್ತು. ಅಚ್ಚಿನ ಯಂತ್ರ ಬಂದ ಮೇಲೆ ಕಬ್ಬಿಣದ ಸರಪಳಿ ಕಳಚಿತು, ಮನಸ್ಸಿನ ಸರಪಳಿ ಉಳಿಯಿತು.

ಉಗ್ರಾಣಕ್ಕೂ ಅಂಗಡಿಗೂ ಇರುವ ವ್ಯತ್ಯಾಸ ನಿಮಗೆ ಚೆನ್ನಾಗಿ ಗೊತ್ತು. ಉಗ್ರಾಣದಲ್ಲಿ ಸರಕು ಇದ್ದಷ್ಟೇ ಇದ್ದರೆ ಅದು ಸುರಕ್ಷಿತ. ಅಂಗಡಿಯಲ್ಲಿ ಸರಕು ಕದಲದಿದ್ದರೆ ಅದು ದಿವಾಳಿ. ಗ್ರಂಥಭಂಡಾರ ಅಂಗಡಿಯಂತೆ ನಡೆಯಬೇಕು ಎಂದು ಹೇಳಿ, ಹಾಗೆ ನಡೆಸಿಯೂ ತೋರಿಸಿದವರು ಒಬ್ಬ ಲೆಕ್ಕದ ಮೇಷ್ಟ್ರು. ಅವರ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್.

ಲೆಕ್ಕದ ಮೇಷ್ಟ್ರು ಮಾಡಿದ ಕೆಲಸ

ರಂಗನಾಥನ್ ಹುಟ್ಟಿದ್ದು ೧೮೯೨ರಲ್ಲಿ, ತಂಜಾವೂರು ಸೀಮೆಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು ೧೯೨೪ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಹೋದ ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ಹಿಡಿಯಿತು. ಓದುವವರು ಬರುವುದಿಲ್ಲ, ಮಾತಾಡಲು ಜನವಿಲ್ಲ. ಮತ್ತೆ ಪಾಠ ಹೇಳಲು ಹೋಗುತ್ತೇನೆ ಎಂದು ಹಟ ಹಿಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೆ ನೋಡೋಣ ಎಂದರು ಮೇಲಿನವರು. ಹೋದರು. ಅಲ್ಲಿ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಮಕ್ಕಳೂ ಕೆಲಸಗಾರರೂ ಹೆಂಗಸರೂ ಗ್ರಂಥಾಲಯದೊಳಗೆ ತಮ್ಮ ಮನೆಗೆ ಹೋದಂತೆ ಹೋಗುವುದನ್ನು ಕಂಡರು.

ಅಲ್ಲಿಯೇ ಒಂದು ದಿನ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮಕ್ಕಳ ಆಟದ ಸಾಮಾನು ನೋಡಿದರು. ತಗಡಿನ ಪಟ್ಟಿ, ಚಕ್ರ, ತಿರುಪು, ಮೊಳೆ. ಅವೇ ತುಂಡುಗಳನ್ನು ಜೋಡಿಸಿದರೆ ಒಮ್ಮೆ ಗಾಡಿ, ಇನ್ನೊಮ್ಮೆ ಸೇತುವೆ. ಮೆಕಾನೋ ಎಂದು ಅದಕ್ಕೆ ಹೆಸರು. ಪುಸ್ತಕಗಳ ವಿಷಯವನ್ನೂ ಹೀಗೆಯೇ ಬಿಡಿ ತುಂಡುಗಳಾಗಿ ಮಾಡಿ, ಬೇಕಾದಂತೆ ಜೋಡಿಸಿ ಗುರುತಿನ ಅಂಕಿ ಕೊಡಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದರಿಂದ ಬೆಳೆದದ್ದು ಅವರ ಕೋಲನ್ ವರ್ಗೀಕರಣ. ೧೯೩೩ರಲ್ಲಿ ಅದು ಅಚ್ಚಾಯಿತು.

೧೯೨೫ರಲ್ಲಿ ತಿರುಗಿ ಬಂದ ಮೇಲೆ ಪಾಠದ ಮಾತೇ ಇಲ್ಲ. ಮದರಾಸಿನ ಗ್ರಂಥಭಂಡಾರದಲ್ಲಿ ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡುವಂತೆ ಮಾಡಿದರು. ಕೇಳಿದವರಿಗೆ ಪುಸ್ತಕ ಹುಡುಕಿಕೊಡಲು ಜನರನ್ನು ಇಟ್ಟರು. ೧೯೩೧ರಲ್ಲಿ ತಮ್ಮ ಅನುಭವವನ್ನೆಲ್ಲ ಐದು ಸೂತ್ರಗಳಾಗಿ ಬರೆದರು. ಲೋಕದ ಎಲ್ಲೆಡೆ ಗ್ರಂಥಪಾಲರಾಗುವವರು ಈಗಲೂ ಆ ಐದು ಸೂತ್ರಗಳನ್ನು ಓದುತ್ತಾರೆ. ನಾವು ಅವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಒಂದು: ಪುಸ್ತಕ ಇರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ. ಎರಡು: ಓದುವವನು ಯಾರೇ ಆಗಲಿ, ಅವನಿಗೆ ತಕ್ಕ ಪುಸ್ತಕ ಅವನಿಗೆ ಸಿಗಬೇಕು. ಮೂರು: ಪುಸ್ತಕ ಯಾವುದೇ ಆಗಲಿ, ಅದಕ್ಕೊಬ್ಬ ಓದುಗ ಎಲ್ಲೋ ಇದ್ದಾನೆ, ಅವನನ್ನು ಹುಡುಕಿ ಕೊಡಬೇಕು. ನಾಲ್ಕು: ಓದುಗನ ಹೊತ್ತು ಹಾಳು ಮಾಡಬಾರದು. ಐದು: ಗ್ರಂಥಾಲಯ ಬೆಳೆಯುವ ಜೀವಿ, ನಿಂತರೆ ಸತ್ತಂತೆ.

ಈ ಐದನ್ನೂ ಓದಿದಾಗ ಇವು ಪುಸ್ತಕದ ಸೂತ್ರಗಳೋ ಒಳ್ಳೆಯ ವರ್ತಕನ ಸೂತ್ರಗಳೋ ಎಂದು ನಮಗೆ ಅನ್ನಿಸಿತು. ಸರಕು ಕದಲಬೇಕು, ಗಿರಾಕಿಗೆ ತಕ್ಕ ಸರಕು ಇರಬೇಕು, ಗಿರಾಕಿಯನ್ನು ಕಾಯಿಸಬಾರದು. ವ್ಯತ್ಯಾಸ ಇಷ್ಟೇ: ಇಲ್ಲಿ ಗಲ್ಲಾಪೆಟ್ಟಿಗೆ ಇಲ್ಲ.

ರಂಗನಾಥನ್ ವಿಶ್ವವಿದ್ಯಾಲಯದ ಗೋಡೆಯೊಳಗೆ ನಿಲ್ಲಲಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ೧೯೩೧ರಲ್ಲಿಯೇ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋಯಿತು. ಆ ಗಾಡಿ ಗ್ರಂಥಾಲಯದ ಹಿಂದೆ ಅವರು ಹಬ್ಬಿಸಿದ ವಿಚಾರವಿತ್ತು. ಗ್ರಂಥಾಲಯಕ್ಕೆ ಕಾನೂನಿನ ಬಲ, ತೆರಿಗೆಯ ಹಣ ಬೇಕೆಂದು ವರ್ಷಾನುವರ್ಷ ವಾದಿಸಿದರು. ಸ್ವತಂತ್ರ ಭಾರತದಲ್ಲಿ ಅಂಥ ಮೊದಲ ಕಾನೂನು ೧೯೪೮ರಲ್ಲಿ ಮದರಾಸಿನಲ್ಲಿ ಬಂತು. ಕಡೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ೧೯೬೨ರಲ್ಲಿ ಅಲ್ಲಿ ಗ್ರಂಥಾಲಯ ವಿದ್ಯೆಯ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವೊಂದನ್ನು ಕಟ್ಟಿ, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು.

ಓಲೆಗರಿಗೆ ಸಿಕ್ಕ ಓದುಗ

ಮೂರನೆಯ ಸೂತ್ರಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಮೈಸೂರಿನಲ್ಲಿ ೧೮೯೧ರಲ್ಲಿ ಓರಿಯೆಂಟಲ್ ಲೈಬ್ರರಿ ಎಂಬ ಹಸ್ತಪ್ರತಿ ಭಂಡಾರ ಹುಟ್ಟಿತು. ತಂಜಾವೂರು ಕಡೆಯ ಒಬ್ಬ ಪಂಡಿತರು ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಅಲ್ಲಿಗೆ ಕೊಟ್ಟರು. ಕಟ್ಟು ಕಟ್ಟಾಗಿಯೇ ಇದ್ದಿದ್ದರೆ ಹುಳು ತಿನ್ನುತ್ತಿತ್ತು. ಆದರೆ ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಹೆಸರಷ್ಟೇ ಉಳಿದು, ಗ್ರಂಥವೇ ಹೋಯಿತೆಂದು ಪಂಡಿತರು ಕೈಬಿಟ್ಟಿದ್ದ ಪುಸ್ತಕ. ೧೯೦೫ರಿಂದ ಅದರ ಭಾಗಗಳನ್ನು ಅವರು ಹೊರತಂದರು. ೧೯೦೯ರಲ್ಲಿ ಮೂಲವನ್ನೇ ಅಚ್ಚು ಹಾಕಿಸಿದರು. ೧೯೧೫ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಮೈಸೂರು ವಿಶ್ವವಿದ್ಯಾಲಯ ೧೯೧೬ರಲ್ಲಿ ಸ್ಥಾಪನೆಯಾದ ಮೇಲೆ ಆ ಭಂಡಾರ ವಿಶ್ವವಿದ್ಯಾಲಯಕ್ಕೆ ಸೇರಿತು.

ರಾಜರು ತೆರಿಗೆ ಹೇಗೆ ಎತ್ತುತ್ತಿದ್ದರು, ನೇಯುವವರಿಗೆ ಕೂಲಿ ಹೇಗೆ ಕಟ್ಟುತ್ತಿದ್ದರು, ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಗೆ ಏನು ದಂಡ ಎಂಬುದೆಲ್ಲ ಆ ಗ್ರಂಥದಲ್ಲಿದೆ. ಭಾರತದ ಚರಿತ್ರೆಯನ್ನು ಬರೆಯುವ ಬಗೆಯನ್ನೇ ಅದು ಬದಲಿಸಿತು. ಒಂದು ಪುಸ್ತಕಕ್ಕೆ ತಕ್ಕ ಓದುಗ ಸಿಕ್ಕರೆ ಆಗುವ ಕೆಲಸ ಇಂಥದ್ದು.

ಒಳಗೆ ಹೋದರೆ ಏನೇನು ಸಿಗುತ್ತದೆ

ಈಗ ವ್ಯವಹಾರದ ಮಾತು. ನಿಮ್ಮ ಮಗ, ಮಗಳು ವಿಶ್ವವಿದ್ಯಾಲಯಕ್ಕೆ ಸೇರಿದ್ದಾರೆ. ಗ್ರಂಥಭಂಡಾರದ ಶುಲ್ಕವನ್ನೂ ಠೇವಣಿಯನ್ನೂ ಕಟ್ಟಿದ್ದೀರಿ. ಅವರನ್ನು ಕೇಳಿ, ಅಲ್ಲಿಂದ ಏನು ತಂದೆ ಎಂದು. ಪರೀಕ್ಷೆಯ ಹಿಂದಿನ ತಿಂಗಳು ಎರಡು ಪುಸ್ತಕ ತಂದೆ ಎಂದರೆ, ಊಟದ ಹಣ ಕಟ್ಟಿ ಉಪ್ಪಿನಕಾಯಿ ನೆಕ್ಕಿ ಬಂದಂತಾಯಿತು.

ಪುಸ್ತಕ ಎರವಲು ಕೊಡುವುದು ಅಲ್ಲಿನ ಮೊದಲ ಸೇವೆ, ಕೊನೆಯದಲ್ಲ. ಯಾವ ಪುಸ್ತಕ ಎಲ್ಲಿದೆ ಎಂದು ಸೂಚಿಸುವ ಸೂಚಿ ಇರುತ್ತದೆ. ಹಿಂದೆ ಚೀಟಿಗಳ ಪೆಟ್ಟಿಗೆಯಲ್ಲಿತ್ತು, ಈಗ ಕಂಪ್ಯೂಟರಿನಲ್ಲಿದೆ. ಕರ್ತೃವಿನ ಹೆಸರಿನಿಂದ ಹುಡುಕಬಹುದು, ವಿಷಯದಿಂದ ಹುಡುಕಬಹುದು. ಪುಸ್ತಕದ ಬೆನ್ನ ಮೇಲೆ ಅಂಟಿಸಿದ ಅಂಕಿ ಅದರ ವಿಳಾಸ. ಒಂದು ವಿಷಯದ ಪುಸ್ತಕಗಳೆಲ್ಲ ಒಂದೇ ಬೀದಿಯಲ್ಲಿ ಅಕ್ಕಪಕ್ಕ ವಾಸವಾಗಿರುತ್ತವೆ. ಬೇಕಾದದ್ದು ಸಿಗದಿದ್ದರೂ ಅದರ ನೆರೆಮನೆಯವನು ಸಿಗುತ್ತಾನೆ.

ಪರಾಮರ್ಶನ ವಿಭಾಗ ಎಂಬುದೊಂದಿದೆ. ಅಲ್ಲಿ ಕುಳಿತವರ ಕೆಲಸವೇ ಕೇಳಿದ್ದಕ್ಕೆ ದಾರಿ ತೋರಿಸುವುದು. ನಮ್ಮ ಹಳ್ಳಿಯ ಮಕ್ಕಳು ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕೇನೋ, ನಗುತ್ತಾರೇನೋ ಎಂಬ ಸಂಕೋಚ. ಕನ್ನಡದಲ್ಲಿ ಕೇಳಿ ಎಂದು ನಾವು ಹೇಳುತ್ತೇವೆ. ಆ ಕುರ್ಚಿಗೆ ಸಂಬಳ ಬರುವುದು ಕೇಳುವವರಿಗಾಗಿ. ಕೇಳದೆ ತಿರುಗಿ ಬಂದರೆ ನಷ್ಟ ಯಾರಿಗೆ?

ಒಂದು ಗ್ರಂಥಭಂಡಾರದಲ್ಲಿ ಇಲ್ಲದ ಪುಸ್ತಕವನ್ನು ಇನ್ನೊಂದರಿಂದ ತರಿಸಿಕೊಡುವ ಏರ್ಪಾಡು ಇದೆ. ಅಂತರಗ್ರಂಥಾಲಯ ಎರವಲು ಎನ್ನುತ್ತಾರೆ. ನೆರೆಯ ಅಂಗಡಿಯಿಂದ ಸರಕು ತರಿಸಿ ಗಿರಾಕಿಯನ್ನು ಉಳಿಸಿಕೊಳ್ಳುವ ಕ್ರಮವೇ ಇದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಹೆಚ್ಚು ಕಾಲ ಇಟ್ಟುಕೊಳ್ಳಲು ಕೊಡುವ ಬುಕ್ ಬ್ಯಾಂಕ್ ಅನೇಕ ಕಡೆ ಇದೆ. ಕಣ್ಣು ಕಾಣದವರಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರಗಳೂ ಈಗ ಬಂದಿವೆ. ಇವೆಲ್ಲ ಇವೆಯೇ ಎಂದು ಸೇರಿದ ಮೊದಲ ವಾರವೇ ವಿಚಾರಿಸಬೇಕು. ಇಲ್ಲ ಎಂದರೆ ಏಕೆ ಇಲ್ಲ ಎಂದು ಲಿಖಿತವಾಗಿ ಕೇಳಬೇಕು.

ಒಂದು ಝೆರಾಕ್ಸ್ ಅಂಗಡಿಯ ಮೊಕದ್ದಮೆ

ವರ್ತಕ ಮಿತ್ರರು ಈ ಸಂಗತಿಯನ್ನು ಕಿವಿಗೊಟ್ಟು ಕೇಳಬೇಕು. ದೆಹಲಿ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಎಂಬ ಚಿಕ್ಕ ಅಂಗಡಿ ಇತ್ತು. ವಿಶ್ವವಿದ್ಯಾಲಯದ ಪರವಾನಗಿಯಿಂದಲೇ ನಡೆಯುತ್ತಿತ್ತು. ಒಂದು ಪುಟಕ್ಕೆ ೪೦ ಪೈಸೆ ದರ. ಅಧ್ಯಾಪಕರು ಪಾಠಕ್ಕಾಗಿ ಈ ಪುಸ್ತಕದ ಒಂದು ಅಧ್ಯಾಯ, ಆ ಪುಸ್ತಕದ ಇಪ್ಪತ್ತು ಪುಟ ಎಂದು ಪಟ್ಟಿ ಕೊಡುವರು. ಗ್ರಂಥಭಂಡಾರದ ಪ್ರತಿಯಿಂದ ಆ ಪುಟಗಳನ್ನು ತೆಗೆದು ಕಟ್ಟು ಹಾಕಿ ವಿದ್ಯಾರ್ಥಿಗಳಿಗೆ ಕೊಡುವುದು ಅಂಗಡಿಯ ಕೆಲಸ. ಕೋರ್ಸ್ ಪ್ಯಾಕ್ ಎಂದು ಅದರ ಹೆಸರು. ಗ್ರಂಥಭಂಡಾರದಲ್ಲಿ ಇರುವುದು ಒಂದೆರಡು ಪ್ರತಿ. ತರಗತಿಯಲ್ಲಿ ಕುಳಿತವರು ಹತ್ತಾರು ಮಂದಿ. ಇಪ್ಪತ್ತು ಪುಟಕ್ಕಾಗಿ ಸಾವಿರಾರು ರೂಪಾಯಿಯ ಪುಸ್ತಕ ಕೊಳ್ಳಲು ಯಾವ ಕೂಲಿಕಾರನ ಮಗನಿಗೆ ಸಾಧ್ಯ?

೨೦೧೨ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಮುದ್ರಣ ಸಂಸ್ಥೆಗಳು ಹಾಗೂ ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಪ್ರಕಾಶಕರು ಈ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ನಮ್ಮ ಹಕ್ಕು ಕದ್ದರು, ೬೦ ಲಕ್ಷ ರೂಪಾಯಿ ನಷ್ಟ ಕಟ್ಟಿಕೊಡಿ ಎಂದರು. ಪುಟಕ್ಕೆ ೪೦ ಪೈಸೆ ಎಣಿಸುವ ಅಂಗಡಿ ಎಲ್ಲಿ, ೬೦ ಲಕ್ಷ ಎಲ್ಲಿ! ಅದೇ ಅಕ್ಟೋಬರಿನಲ್ಲಿ ನ್ಯಾಯಾಲಯ ಕೋರ್ಸ್ ಪ್ಯಾಕ್ ಮಾರದಂತೆ ತಾತ್ಕಾಲಿಕ ತಡೆ ಹಾಕಿತು.

ಆಗ ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿಕೊಂಡು, ಅಧ್ಯಾಪಕರೊಂದಿಗೆ ತಾವೂ ಮೊಕದ್ದಮೆಯಲ್ಲಿ ಸೇರಿದರು. ಪುಸ್ತಕ ಬರೆದ ಅನೇಕ ವಿದ್ವಾಂಸರೇ, ಮೊಕದ್ದಮೆ ಹಿಂತೆಗೆಯಿರಿ ಎಂದು ಪ್ರಕಾಶಕರಿಗೆ ಬರೆದರು. ೧೯೫೭ರ ಕೃತಿಸ್ವಾಮ್ಯ ಕಾನೂನಿನ ೫೨ನೆಯ ಕಲಮಿನಲ್ಲಿ, ಪಾಠ ಹೇಳುವ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯನಾಗಲಿ ಪ್ರತಿ ಮಾಡಿಕೊಂಡರೆ ಅದು ಅಪರಾಧವಲ್ಲ ಎಂಬ ವಿನಾಯಿತಿ ಇದೆ. ಅದೇ ಅವರ ಆಧಾರ. ೨೦೧೬ರ ಸೆಪ್ಟೆಂಬರ್ ೧೬ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ಪ್ರಕಾಶಕರ ದಾವೆಯನ್ನು ವಜಾ ಮಾಡಿದರು. ಹಿಂದೆ ವಿದ್ಯಾರ್ಥಿ ಗ್ರಂಥಭಂಡಾರದಲ್ಲಿ ಕುಳಿತು ಕೈಯಿಂದ ಬರೆದುಕೊಳ್ಳುತ್ತಿದ್ದುದನ್ನು ಈಗ ಯಂತ್ರ ಮಾಡುತ್ತದೆ. ಕೈಯಿಂದ ಮಾಡಿದರೆ ತಪ್ಪಲ್ಲದ್ದು ಯಂತ್ರದಿಂದ ಮಾಡಿದರೆ ಹೇಗೆ ತಪ್ಪಾಗುತ್ತದೆ ಎಂಬುದು ಅವರ ವಿಚಾರದ ಒಂದು ಎಳೆ.

ಪ್ರಕಾಶಕರು ಮೇಲ್ಮನವಿ ಹೋದರು. ಅದೇ ವರ್ಷ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಪಾಠಕ್ಕೆ ಬೇಕಾದಷ್ಟನ್ನು ಪ್ರತಿ ಮಾಡುವ ತತ್ವವನ್ನು ಎತ್ತಿಹಿಡಿದು, ಈ ಪುಟಗಳು ಪಾಠಕ್ಕೆ ನಿಜವಾಗಿ ಬೇಕಾದವೇ ಎಂಬ ಸಂಗತಿಯನ್ನು ಮಾತ್ರ ಮತ್ತೆ ವಿಚಾರಣೆಗೆ ಕಳುಹಿಸಿತು; ತಡೆ ಹಾಕಲಿಲ್ಲ. ೨೦೧೭ರ ಮಾರ್ಚ್‌ನಲ್ಲಿ ಪ್ರಕಾಶಕರು ತಾವಾಗಿಯೇ ದಾವೆ ಹಿಂತೆಗೆದುಕೊಂಡರು. ಅವರ ಪರವಾಗಿ ನಿಂತಿದ್ದ ಪರವಾನಗಿ ಸಂಸ್ಥೆಯೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ಮನವಿಯೂ ಮೇ ತಿಂಗಳಲ್ಲಿ ವಜಾ ಆಯಿತು.

ಇಡೀ ಪುಸ್ತಕವನ್ನು ಪ್ರತಿ ತೆಗೆದು ಮಾರಬಹುದು ಎಂದು ಇದರ ಅರ್ಥವಲ್ಲ. ಬರೆದವನ ಶ್ರಮಕ್ಕೂ ಬೆಲೆ ಇದೆ. ಶ್ರಮದ ಬೆಲೆಯನ್ನು ನಾವೇ ಅಲ್ಲಗಳೆದರೆ ಹೇಗೆ? ಆದರೆ ಕಲಿಯುವವನ ಹಕ್ಕು ಕಾನೂನಿನಲ್ಲಿ ಬರೆದಿದ್ದರೂ, ಕೇಳುವವರು ನಿಂತಾಗಲೇ ಅದು ಕೈಗೆ ಬಂತು. ಆ ಚಿಕ್ಕ ಅಂಗಡಿ ಒಂಟಿಯಾಗಿದ್ದರೆ ಮೊದಲ ನೋಟೀಸಿಗೇ ಬಾಗಿಲು ಮುಚ್ಚುತ್ತಿತ್ತು.

ನೇಯ್ದವನೇ ಬಟ್ಟೆ ಕೊಳ್ಳುವ ವ್ಯಾಪಾರ

ಪುಸ್ತಕಕ್ಕಿಂತ ದೊಡ್ಡ ವ್ಯಾಪಾರ ಸಂಶೋಧನಾ ಪತ್ರಿಕೆಗಳದು. ಅದರ ಕ್ರಮವನ್ನು ಗಿರಣಿಯ ಭಾಷೆಯಲ್ಲಿ ಹೇಳುತ್ತೇವೆ. ಒಬ್ಬ ನೇಕಾರ ತನ್ನ ನೂಲು, ತನ್ನ ಮಗ್ಗ ಇಟ್ಟು ಬಟ್ಟೆ ನೇಯ್ದ. ಇನ್ನೊಬ್ಬ ನೇಕಾರ ಕೂಲಿ ಇಲ್ಲದೆ ಅದರ ಹದ ಪರೀಕ್ಷಿಸಿ ಸರಿ ಎಂದ. ಸಾಹುಕಾರ ಇಬ್ಬರಿಗೂ ಬಿಡಿಗಾಸು ಕೊಡದೆ ಬಟ್ಟೆಯ ಮೇಲೆ ತನ್ನ ಮುದ್ರೆ ಒತ್ತಿ, ಅದೇ ನೇಕಾರನಿಗೆ ದುಬಾರಿ ಬೆಲೆಗೆ ಮಾರಿದ. ನಂಬುತ್ತೀರಾ? ಸಂಶೋಧನಾ ಪತ್ರಿಕೆಯ ದೊಡ್ಡ ವ್ಯಾಪಾರ ಹೀಗೆಯೇ ನಡೆದುಬಂದಿದೆ. ಜನರ ತೆರಿಗೆಯ ಸಂಬಳ ಪಡೆಯುವ ವಿಜ್ಞಾನಿ ಬರೆಯುತ್ತಾನೆ, ಅಂಥ ಇನ್ನೊಬ್ಬ ಸಂಭಾವನೆ ಇಲ್ಲದೆ ಪರಿಶೀಲಿಸುತ್ತಾನೆ, ಪ್ರಕಾಶಕ ಅಚ್ಚು ಹಾಕಿ ವಿಶ್ವವಿದ್ಯಾಲಯದ ಗ್ರಂಥಭಂಡಾರಕ್ಕೆ ಚಂದಾ ಹೇರುತ್ತಾನೆ. ಈ ವ್ಯಾಪಾರದ ದೊಡ್ಡ ಕುಳ ಎಲ್ಸೆವಿಯರ್ ಸಂಸ್ಥೆಯ ಲಾಭ ನೂರಕ್ಕೆ ಮೂವತ್ತನ್ನೂ ದಾಟುತ್ತದೆ. ಕಿರಾಣಿ ಅಂಗಡಿಯ ಮಿತ್ರರು ತಮ್ಮ ಲಾಭವನ್ನು ಇದರ ಪಕ್ಕದಲ್ಲಿಟ್ಟು ನೋಡಲಿ.

ಅಮೆರಿಕದ ಶ್ರೀಮಂತ ವಿಶ್ವವಿದ್ಯಾಲಯಗಳೂ ಈ ಬೆಲೆಗೆ ಬಗ್ಗಿದವು. ೨೦೧೯ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಲ್ಸೆವಿಯರ್ ಜೊತೆಗಿನ ಚಂದಾವನ್ನೇ ಕಡಿದುಕೊಂಡಿತು. ಎರಡು ವರ್ಷ ಪಟ್ಟು ಹಿಡಿದು, ೨೦೨೧ರ ಮಾರ್ಚ್‌ನಲ್ಲಿ ಹೊಸ ಕರಾರು ಮಾಡಿಸಿಕೊಂಡಿತು. ತನ್ನ ವಿದ್ವಾಂಸರ ಪ್ರಬಂಧಗಳನ್ನು ಲೋಕದ ಯಾರು ಬೇಕಾದರೂ ಓದುವಂತೆ ಪ್ರಕಟಿಸುವ ಏರ್ಪಾಡು ಅದರಲ್ಲಿತ್ತು. ಅದೂ ಒಂದು ಬಗೆಯ ಮುಷ್ಕರವೇ.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು, ೬,೩೦೦ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳು, ಸಂಶೋಧನಾಲಯಗಳು, ಸುಮಾರು ೧.೮ ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ೨೦೨೫ರಿಂದ ೨೦೨೭ರವರೆಗಿನ ಮೂರು ವರ್ಷಕ್ಕೆ ೬,೦೦೦ ಕೋಟಿ ರೂಪಾಯಿ. ಲೆಕ್ಕ ಹಾಕಿ ನೋಡೋಣ: ವರ್ಷಕ್ಕೆ ೨,೦೦೦ ಕೋಟಿ, ೧.೮ ಕೋಟಿ ಜನಕ್ಕೆ ಹಂಚಿದರೆ ತಲೆಗೆ ೧,೧೧೧ ರೂಪಾಯಿ.

ಇದರಲ್ಲಿ ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ದೊಡ್ಡ ನಗರದ ಹೆಸರುವಾಸಿ ಸಂಸ್ಥೆಗೆ ಮಾತ್ರ ಸಿಗುತ್ತಿದ್ದ ಪತ್ರಿಕೆ ಈಗ ಜಿಲ್ಲೆಯ ಸರ್ಕಾರಿ ಕಾಲೇಜಿನ ಹುಡುಗಿಗೂ ಸಿಗುವಂತಾಗಿದೆ. ಹತ್ತಾರು ಸಂಸ್ಥೆಗಳು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಒಟ್ಟಾಗಿ ಕೊಳ್ಳುವುದು ಲೇಸು. ಸಹಕಾರ ಸಂಘ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಎರಡು ಮಾತು ಉಳಿಯುತ್ತವೆ. ಹಣ ಹೋಗುವುದು ಅದೇ ಸಾಹುಕಾರನ ತಿಜೋರಿಗೆ. ಮತ್ತು ಸಂಸ್ಥೆಯ ಹೊರಗಿರುವವನಿಗೆ ಈ ಬಾಗಿಲು ತೆರೆದಿಲ್ಲ. ತೆರಿಗೆ ಎಲ್ಲರದು, ಓದು ೧.೮ ಕೋಟಿ ಜನರದು. ಧೂಳು ಕುಡಿದ ಕೆಲಸಗಾರ, ಅವನ ಪರ ಅರ್ಜಿ ಬರೆಯುವ ಯೂನಿಯನ್ ಕಾರ್ಯದರ್ಶಿ, ತಾಲ್ಲೂಕಿನ ಖಾಸಗಿ ವೈದ್ಯ ಎಲ್ಲರೂ ಹೊರಗೇ.

ಬೀಗವಿಲ್ಲದ ಬಾಗಿಲುಗಳು

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಬೀಗವಿಲ್ಲದ ಬಾಗಿಲುಗಳೂ ಇವೆ. ಪಿಎಚ್.ಡಿ. ಪ್ರಬಂಧದ ಪ್ರತಿಯನ್ನು ಕಂಪ್ಯೂಟರ್ ರೂಪದಲ್ಲಿಯೂ ಒಪ್ಪಿಸಬೇಕೆಂದು ೨೦೦೯ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ನಿಯಮ ಮಾಡಿತು. ಅವನ್ನೆಲ್ಲ ಕೂಡಿಡುವ ಭಂಡಾರಕ್ಕೆ ಶೋಧಗಂಗಾ ಎಂದು ಹೆಸರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪ್ರಬಂಧಗಳು ಅಲ್ಲಿವೆ. ಕನ್ನಡದಲ್ಲಿ ಬರೆದವೂ ಇವೆ. ಶುಲ್ಕವಿಲ್ಲ, ಗುರುತಿನ ಚೀಟಿ ಬೇಡ. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿಯೇ ತೆರೆಯುತ್ತದೆ. ನೇಕಾರರ ಸಾಲದ ಮೇಲೆ, ಬೀಡಿ ಕಟ್ಟುವವರ ಆರೋಗ್ಯದ ಮೇಲೆ, ಸಂತೆಯ ವ್ಯಾಪಾರದ ಮೇಲೆ ಯಾರು ಏನು ಬರೆದಿದ್ದಾರೆ ಎಂದು ಹುಡುಕಿ ನೋಡಿ. ನಮ್ಮ ಬದುಕನ್ನು ಕುರಿತು ಬರೆದು ಪದವಿ ಪಡೆದವರ ಮಾತು ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ನಮಗಲ್ಲದೆ ಮತ್ತಾರಿಗೆ?

ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ೨೦೧೮ರ ಜೂನ್ ೧೯ರಂದು ದೇಶಕ್ಕೆ ಸಮರ್ಪಣೆಯಾಯಿತು. ಅಲ್ಲಿಯೂ ಹೆಸರು ಬರೆಸಲು ಹಣವಿಲ್ಲ. ಯೂನಿಯನ್ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಕುಳಿತು ಇದನ್ನು ಹುಡುಕಿ ದೊಡ್ಡವರಿಗೆ ಕನ್ನಡದಲ್ಲಿ ಹೇಳುವಂತೆ ಮಾಡಿದರೆ, ಅದಕ್ಕಿಂತ ಒಳ್ಳೆಯ ರಾತ್ರಿಶಾಲೆ ಬೇರೊಂದಿಲ್ಲ.

ನಮ್ಮ ಬೇಡಿಕೆ

ಕೊನೆಗೆ ನಮ್ಮ ನಾಡಿನ ಕಾನೂನು. ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾನೂನು ೧೯೬೫ರಲ್ಲಿ ಆಗಿ, ೧೯೬೬ರ ನವೆಂಬರ್ ೧ರಿಂದ ಜಾರಿಗೆ ಬಂತು; ಈಗ ಅದು ಕರ್ನಾಟಕ ಕಾನೂನು. ನಾವು ಮೊದಲು ಹೇಳಿದ ಗ್ರಂಥಾಲಯ ಕರ ಹುಟ್ಟಿದ್ದು ಅದರಿಂದ. ಕರವನ್ನು ಎತ್ತುವುದು ನಗರಸಭೆ, ಪಂಚಾಯತಿ. ಖರ್ಚು ಮಾಡಬೇಕಾದದ್ದು ಗ್ರಂಥಾಲಯ. ಎತ್ತಿದ ಹಣ ಗ್ರಂಥಾಲಯಕ್ಕೆ ಹೋಗದೆ ನಡುವೆಯೇ ನಿಲ್ಲುತ್ತದೆ ಎಂಬ ದೂರು ಹಳೆಯದು. ನಮ್ಮ ಊರಿನಲ್ಲಿ ಎಷ್ಟು ಎತ್ತಿದರು, ಎಷ್ಟು ಕಳುಹಿಸಿದರು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು. ವರ್ತಕರ ಸಂಘ ಆ ಅರ್ಜಿ ಹಾಕಲಿ. ಹತ್ತು ರೂಪಾಯಿಯ ಕೆಲಸ.

ವಿಶ್ವವಿದ್ಯಾಲಯದ ಮುಂದೆ ಇಡಬೇಕಾದ ಬೇಡಿಕೆಗಳು ನಾಲ್ಕು. ಸಂಜೆ ಹಾಗೂ ಭಾನುವಾರ ಗ್ರಂಥಭಂಡಾರ ತೆರೆದಿರಲಿ. ದುಡಿಯುವವನಿಗೆ ಬಿಡುವು ಆಗಲೇ. ಜಿಲ್ಲೆಯ ಯಾರೇ ಆಗಲಿ, ಗುರುತು ತೋರಿಸಿ ಒಳಗೆ ಕುಳಿತು ಓದುವ ಅವಕಾಶವಿರಲಿ. ಮನೆಗೆ ಒಯ್ಯುವ ಹಕ್ಕು ವಿದ್ಯಾರ್ಥಿಗಳಿಗೇ ಇರಲಿ, ತಕರಾರಿಲ್ಲ. ಪ್ರತಿ ಸಂಶೋಧನಾ ಪ್ರಬಂಧಕ್ಕೂ ನಾಲ್ಕು ಪುಟದ ಕನ್ನಡ ಸಾರಾಂಶ ಜೊತೆಗಿರಲಿ. ‘ಒಂದು ರಾಷ್ಟ್ರ ಒಂದು ಚಂದಾ’ದ ಪತ್ರಿಕೆಗಳನ್ನು ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಾದರೂ ಸಾಮಾನ್ಯರು ಓದುವಂತಾಗಲಿ, ಈಗಿನ ಮಂಜೂರಾತಿ ೨೦೨೭ರವರೆಗೆ, ಮುಂದಿನ ಕರಾರಿನಲ್ಲಿ ಇದನ್ನು ಸೇರಿಸಲು ಒತ್ತಾಯಿಸಬೇಕು.

ಇವುಗಳಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಹಳ್ಳಿಗೆ ಪುಸ್ತಕ ಕಳುಹಿಸಿದ ದೇಶ ಇದು. ಬರುವ ಭಾನುವಾರ ಬೆಳಿಗ್ಗೆ ಯೂನಿಯನ್ ಕಚೇರಿಯಲ್ಲಿ ಅರ್ಜಿಯ ಕರಡು ಸಿದ್ಧವಾಗುತ್ತದೆ. ತೆರಿಗೆಯ ರಸೀದಿ ಇದ್ದವರು ಅದರ ಪ್ರತಿ ತನ್ನಿ. ಎದೆಬಿಗಿತ ಇರುವವರು ನಿಮ್ಮ ಕೆಲಸದ ವಿಭಾಗ, ದುಡಿದ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಕಾಲೇಜಿಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆತನ್ನಿ, ಬರೆಯುವ ಕೆಲಸ ಅವರದು.